ಆಟದ ಮಾನಿಟರನ್ನು ಆರಿಸುವ ಬಗೆ

ಈಚಿನ ವರುಷಗಳಲ್ಲಿ ನಮ್ಮ ಶಾಲೆಗೆ ಬರುವ ಪೋಷಕರು ಮಕ್ಕಳ ಓದುಬರಹಗಳ ವಿಷಯವನ್ನು ವಿಚಾರಿಸಿಯಾದ ಮೇಲೆ ಸ್ವಲ್ಪ ಸಂಕೋಚದಿಂದ ಇನ್ನೊಂದು ಪ್ರಶ್ನೆಯನ್ನು ನಮ್ಮ ಮುಂದೆ ಇಡುವುದುಂಟು. "ಮಗಳು ಕಂಪ್ಯೂಟರಿನಲ್ಲಿ ಆಡುವುದಕ್ಕೆ ಹೊಸ ಮಾನಿಟರ್ ಬೇಕೆನ್ನುತ್ತಾಳೆ. ಮನೆಯಲ್ಲಿ ಒಂದು ಇದ್ದೇ ಇದೆ. ಅದು ಕೆಟ್ಟೂ ಇಲ್ಲ. ಅಂಗಡಿಯವರು ೧೪೪ ಎನ್ನುತ್ತಾರೆ, ೨೪೦ ಎನ್ನುತ್ತಾರೆ. ಈ ಸಂಖ್ಯೆಗಳಲ್ಲಿ ಸತ್ಯವೇನಾದರೂ ಉಂಟೋ, ಅಥವಾ ಇದೆಲ್ಲ ಹಣ ಕೀಳುವ ಉಪಾಯವೋ?" ಇದೇ ಆ ಪ್ರಶ್ನೆ. ಸ್ವಂತ ಸಂಪಾದನೆಯಿಂದ ಇಂತಹ ವಸ್ತುವನ್ನು ಕೊಳ್ಳಹೊರಟಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಇದನ್ನೇ ಕೇಳುತ್ತಾರೆ. ಈ ಸಂಚಿಕೆಯು ಇಬ್ಬರ ಕೈಯನ್ನೂ ಸೇರುವುದರಿಂದ, ಈ ವಿಷಯವನ್ನು ಒಂದು ಪಾಠದ ರೂಪದಲ್ಲಿ ಇಲ್ಲಿ ವಿವರಿಸುವುದು ಯುಕ್ತವೆಂದು ಎಣಿಸಿದ್ದೇವೆ.

ಈ ವಿಷಯದಲ್ಲಿ ಜನರು ಎರಡು ವಿಧವಾಗಿ ತಪ್ಪುವರು. ಸಂಖ್ಯೆಯು ದೊಡ್ಡದಾದಷ್ಟೂ ಸರಕು ಉತ್ತಮವೆಂದು ಕೆಲವರು ನಂಬುವರು. ಆಟದ ಸಾಮಾನೆಂದ ಮೇಲೆ ಅದು ವಿಚಾರಕ್ಕೇ ಯೋಗ್ಯವಲ್ಲವೆಂದು ಬೇರೆ ಕೆಲವರು ತಳ್ಳಿಬಿಡುವರು. ಇಬ್ಬರೂ ಯೋಚಿಸುವ ಶ್ರಮವನ್ನು ತಪ್ಪಿಸಿಕೊಂಡವರೇ. ಮಧ್ಯಮ ಸ್ಥಿತಿಯ ಕುಟುಂಬಕ್ಕೆ ಮಾನಿಟರೆಂಬುದು ಕೆಲವು ತಿಂಗಳ ಉಳಿತಾಯದ ಮಾತು. ಒಮ್ಮೆ ಕೊಂಡರೆ ಐದಾರು ವರುಷ ಮೇಜಿನ ಮೇಲೆ ಇರತಕ್ಕ ವಸ್ತು. ಆದಕಾರಣ ಅದನ್ನು ತಿಳಿದು ಕೊಳ್ಳುವುದೂ ಬೇಡವೆನ್ನುವುದಾದರೆ ತಿಳಿದು ಬೇಡವೆನ್ನುವುದೂ ಅವಶ್ಯವು.

೧. ಚಲನೆಯು ಹೇಗೆ ಕಾಣಿಸುತ್ತದೆ?

ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕೆಂಬುದು ಬೋಧನಕ್ರಮದ ಮೊದಲನೆಯ ಸೂತ್ರ. ನೋಟ್ ಪುಸ್ತಕದ ಮೂಲೆಯಲ್ಲಿ ಹಾಳೆಗೊಂದರಂತೆ ಓಡುವ ಹುಡುಗಿಯ ಚಿತ್ರವನ್ನು ಬರೆದು, ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಟ್ಟರೆ ಹುಡುಗಿಯು ಓಡುವಂತೆ ತೋರುವುದಷ್ಟೆ. ಅಲ್ಲಿ ಚಲಿಸುವ ಚಿತ್ರವೆಂಬುದು ಯಾವುದೂ ಇಲ್ಲ. ನಿಂತ ಚಿತ್ರಗಳು ಒಂದರ ಹಿಂದೊಂದು ಬಂದುದರಿಂದ ನಮ್ಮ ಕಣ್ಣೂ ಮನಸ್ಸೂ ಅವುಗಳನ್ನು ಚಲನೆಯಾಗಿ ಗ್ರಹಿಸಿದವು. ಸಿನೆಮಾ, ಟೆಲಿವಿಷನ್, ಮಾನಿಟರ್ ಇವೆಲ್ಲವೂ ಇದೇ ತತ್ತ್ವದ ಮೇಲೆ ನಡೆಯುತ್ತವೆ.

ಮಾತನಾಡುವ ಚಲನಚಿತ್ರಗಳು ರೂಢಿಗೆ ಬಂದ ಕಾಲದಿಂದ ಸಿನೆಮಾದಲ್ಲಿ ಸೆಕೆಂಡಿಗೆ ೨೪ ಚಿತ್ರಗಳೆಂಬ ಕ್ರಮವು ನೆಲೆಗೊಂಡಿತು. ಆದರೆ ಸೆಕೆಂಡಿಗೆ ೨೪ ಸಲ ಮಾತ್ರ ಬೆಳಕು ಬಿದ್ದರೆ ತೆರೆಯು ಮಿಣುಕುವಂತೆ ಕಾಣುವುದರಿಂದ, ಫಿಲ್ಮಿನ ಯಂತ್ರದಲ್ಲಿ ತಿರುಗುವ ಮರೆಯೊಂದನ್ನಿಟ್ಟು ಒಂದೊಂದು ಚಿತ್ರವನ್ನೂ ಎರಡು ಅಥವಾ ಮೂರು ಸಲ ತೋರಿಸುತ್ತಿದ್ದರು. ಇಲ್ಲಿ ಎರಡು ಎಣಿಕೆಗಳಿರುವುದನ್ನು ಗಮನಿಸಿರಿ. ಹೊಸ ಚಿತ್ರಗಳು ಎಷ್ಟು ಎಂಬುದು ಒಂದು. ತೆರೆಯ ಮೇಲೆ ಎಷ್ಟು ಸಲ ತೋರಿದವು ಎಂಬುದು ಇನ್ನೊಂದು. ಈ ಭೇದವನ್ನು ಮರೆಯದಿದ್ದರೆ ಮುಂದಿನ ಪಾಠವೆಲ್ಲ ಸುಲಭವಾಗುವುದು.

ಮಾನಿಟರು ತನ್ನ ತೆರೆಯ ಮೇಲಿನ ಚಿತ್ರವನ್ನು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಹೊಸದಾಗಿ ಬರೆಯುವುದೋ ಆ ಎಣಿಕೆಗೆ ರಿಫ್ರೆಶ್ ರೇಟ್ ಎಂದು ಹೆಸರು. ಅದನ್ನು ಹರ್ಟ್ಸ್ ಎಂಬ ಮಾನದಿಂದ ಹೇಳುವರು. ವಿದ್ಯುತ್ಕಾಂತ ತರಂಗಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟ ಜರ್ಮನಿಯ ಹೈನ್ರಿಕ್ ಹರ್ಟ್ಸ್ (೧೮೫೭–೧೮೯೪) ಎಂಬ ಪಂಡಿತನ ಹೆಸರು ಅದು. ಕಛೇರಿಯ ಸಾಧಾರಣ ಮಾನಿಟರು ೬೦ ಹರ್ಟ್ಸಿನದು. ಆಟಕ್ಕೆಂದು ಮಾರುವವುಗಳು ೧೨೦, ೧೪೪, ೧೬೫, ೧೮೦, ೨೪೦, ೩೬೦ ಹೀಗೆ ಮೇಲೇರುತ್ತವೆ. ೫೦೦ನ್ನು ದಾಟಿದವುಗಳೂ ಉಂಟು.

ಇನ್ನು ಎರಡನೆಯ ಎಣಿಕೆ. ಸಿನೆಮಾದ ಚಿತ್ರಗಳು ಮುಂಚಿತವಾಗಿಯೇ ಸಿದ್ಧವಾಗಿರುತ್ತವೆ. ಆಟದಲ್ಲಿ ಹಾಗಲ್ಲ, ಆಡುವವಳು ಬಲಕ್ಕೆ ತಿರುಗುವಳೋ ಎಡಕ್ಕೆ ತಿರುಗುವಳೋ ಮುಂದಾಗಿ ಗೊತ್ತಿಲ್ಲವಾದುದರಿಂದ ಪ್ರತಿಯೊಂದು ಚಿತ್ರವನ್ನೂ ಕಂಪ್ಯೂಟರು ಆಯಾ ಕ್ಷಣದಲ್ಲಿಯೇ ರಚಿಸಬೇಕು. ಈ ಕೆಲಸವನ್ನು ಮಾಡುವ ಅಂಗವೇ ಗ್ರಾಫಿಕ್ಸ್ ಕಾರ್ಡ್. ಅದು ಸೆಕೆಂಡಿಗೆ ರಚಿಸುವ ಚಿತ್ರಗಳ ಎಣಿಕೆಯೇ ಫ್ರೇಮ್ ರೇಟ್. ಹೀಗೆ ಬರೆದುಕೊಡುವವನು ಗ್ರಾಫಿಕ್ಸ್ ಕಾರ್ಡು, ತೋರಿಸುವವನು ಮಾನಿಟರು. ಇವರಿಬ್ಬರ ಹೊಂದಿಕೆಯೇ ಈ ಪಾಠದ ತಿರುಳು.

೨. ವೇಗವು ಹೆಚ್ಚಿದರೆ ಆಗುವ ಲಾಭ

ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮಿಲಿಸೆಕೆಂಡು. ಸಾವಿರವನ್ನು ಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಒಂದು ಚಿತ್ರವು ತೆರೆಯ ಮೇಲೆ ನಿಲ್ಲುವ ಕಾಲವು ಸಿಕ್ಕುತ್ತದೆ:

೬೦ ಹರ್ಟ್ಸ್ — ೧೬.೭ ಮಿಲಿಸೆಕೆಂಡು
೧೨೦ ಹರ್ಟ್ಸ್ — ೮.೩ ಮಿಲಿಸೆಕೆಂಡು
೧೪೪ ಹರ್ಟ್ಸ್ — ೬.೯ ಮಿಲಿಸೆಕೆಂಡು
೨೪೦ ಹರ್ಟ್ಸ್ — ೪.೨ ಮಿಲಿಸೆಕೆಂಡು
೩೬೦ ಹರ್ಟ್ಸ್ — ೨.೮ ಮಿಲಿಸೆಕೆಂಡು

ಮೊದಲನೆಯ ಲಾಭವು ಸ್ಪಷ್ಟತೆ. ೧೯೨೦ ಪಿಕ್ಸೆಲ್ ಅಗಲದ ತೆರೆಯನ್ನು ಒಂದು ವಸ್ತುವು ಎರಡು ಸೆಕೆಂಡುಗಳಲ್ಲಿ ದಾಟುತ್ತದೆಂದು ಇಟ್ಟುಕೊಳ್ಳಿರಿ. ಅಂದರೆ ಸೆಕೆಂಡಿಗೆ ೯೬೦ ಪಿಕ್ಸೆಲ್. ೬೦ ಹರ್ಟ್ಸಿನ ತೆರೆಯಲ್ಲಿ ಅದು ಒಂದೊಂದು ಚಿತ್ರಕ್ಕೆ ೧೬ ಪಿಕ್ಸೆಲಿನಷ್ಟು ಜಿಗಿಯಬೇಕು. ನಮ್ಮ ಕಣ್ಣಾದರೋ ಜಿಗಿಯದೆ ವಸ್ತುವಿನೊಡನೆ ಸಮನಾಗಿ ಸಾಗುತ್ತದೆ. ಚಿತ್ರವು ನಿಂತಿರುವಾಗ ಕಣ್ಣು ಸಾಗುತ್ತಿರುವುದರಿಂದ ಆ ೧೬ ಪಿಕ್ಸೆಲಿನಷ್ಟು ಅಗಲಕ್ಕೆ ಚಿತ್ರವು ಮಸುಕಾಗಿ ತೋರುವುದು. ೧೨೦ ಹರ್ಟ್ಸಿನಲ್ಲಿ ಈ ಮಸುಕು ೮ ಪಿಕ್ಸೆಲಿಗೂ, ೨೪೦ರಲ್ಲಿ ೪ ಪಿಕ್ಸೆಲಿಗೂ ಇಳಿಯುತ್ತದೆ. ಅಂಗಡಿಯಲ್ಲಿ ಎರಡು ಬಗೆಯ ಮಾನಿಟರುಗಳೂ ಹತ್ತಿರದಲ್ಲಿದ್ದರೆ ಬರಹ ತುಂಬಿದ ಒಂದು ಪುಟವನ್ನು ಮೆಲ್ಲಗೆ ಸರಿಸಿ ನೋಡಿರಿ. ಒಂದರಲ್ಲಿ ಕಲಸಿಹೋಗುವ ಅಕ್ಷರಗಳನ್ನು ಇನ್ನೊಂದರಲ್ಲಿ ಓದಬಹುದು. ಈ ಪರೀಕ್ಷೆಗೆ ಆಟದ ಪರಿಚಯವೇ ಬೇಡ; ಅಜ್ಜಿಯೂ ಮಾಡಬಹುದು.

ಎರಡನೆಯದು ನಯ. ಮೌಸನ್ನು ಬೇಗನೆ ಅತ್ತಿತ್ತ ಆಡಿಸಿದರೆ ತೆರೆಯ ಮೇಲಿನ ಬಾಣದ ಗುರುತು ಬಿಟ್ಟು ಬಿಟ್ಟು ಕಾಣಿಸುವುದನ್ನು ನೀವು ಕಂಡಿರುವಿರಿ. ೧೪೪ ಹರ್ಟ್ಸಿನಲ್ಲಿ ಆ ಗುರುತುಗಳ ನಡುವಣ ಅಂತರವು ಅರ್ಧಕ್ಕಿಂತಲೂ ಕಡಮೆಯಾಗುವುದು.

ಮೂರನೆಯದು ವಿಳಂಬದ ಇಳಿಕೆ. ಗುಂಡಿಯನ್ನು ಒತ್ತಿದ ಫಲವು ಮುಂದಿನ ಚಿತ್ರದಲ್ಲಿ ಕಾಣಬೇಕಷ್ಟೆ. ಮುಂದಿನ ಚಿತ್ರವು ಬೇಗ ಬಂದರೆ ಫಲವೂ ಬೇಗ ಕಾಣುವುದು. ಅಮೇರಿಕದ ವೂಸ್ಟರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಮಾರ್ಕ್ ಕ್ಲೇಪೂಲ್ ಎಂಬವರೂ ಅವರ ಸಂಗಡಿಗರೂ ಗುರಿಯಿಟ್ಟು ಹೊಡೆಯುವ ಆಟಗಳನ್ನು ಪರೀಕ್ಷಿಸಿ ೨೦೦೬ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆಡುವವರ ಸಾಮರ್ಥ್ಯದ ಮೇಲೆ ಚಿತ್ರದ ಸೂಕ್ಷ್ಮತೆಗಿಂತ ಫ್ರೇಮ್ ರೇಟೇ ಹೆಚ್ಚು ಪರಿಣಾಮವನ್ನು ಮಾಡುತ್ತದೆಂದು ತೋರಿಸಿದರು. ಅವರು ಪರೀಕ್ಷಿಸಿದುದು ೬೦ರ ಒಳಗಿನ ವೇಗಗಳನ್ನಾದರೂ, ಚೆಲುವಾದ ಚಿತ್ರಕ್ಕಿಂತ ತಡೆಯಿಲ್ಲದೆ ಸಾಗುವ ಚಿತ್ರವು ಇಂತಹ ಆಟಗಳಲ್ಲಿ ಹೆಚ್ಚು ಉಪಕಾರಿಯೆಂಬ ಮಾತು ನೆನಪಿಡತಕ್ಕದ್ದು.

ಈಗ ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿರಿ. ೬೦ರಿಂದ ೧೪೪ಕ್ಕೆ ಹೋದರೆ ಚಿತ್ರವೊಂದಕ್ಕೆ ೯.೭ ಮಿಲಿಸೆಕೆಂಡು ಉಳಿಯುತ್ತದೆ. ೧೪೪ರಿಂದ ೨೪೦ಕ್ಕೆ ಹೋದರೆ ಉಳಿಯುವುದು ೨.೮ ಮಾತ್ರ, ೨೪೦ರಿಂದ ೩೬೦ಕ್ಕೆ ೧.೪ ಮಾತ್ರ. ಸಂಖ್ಯೆಯ ಏರಿಕೆಯು ಹೆಚ್ಚುತ್ತಾ ಹೋದರೂ ಲಾಭವು ಕುಗ್ಗುತ್ತಾ ಹೋಗುವುದು, ಬೆಲೆಯಾದರೋ ಕುಗ್ಗುವುದಿಲ್ಲ. ಮೊದಲನೆಯ ಮೆಟ್ಟಲು ಎಲ್ಲರ ಕಣ್ಣಿಗೂ ಗೋಚರವಾಗುವುದು. ಎರಡನೆಯದು ಪಳಗಿದ ಕಣ್ಣಿಗೆ. ಮೂರನೆಯದು ಸ್ಪರ್ಧೆಗೆ ಇಳಿದವರಿಗೆ. ಅಲ್ಲದೆ ದೂರದ ಸಂಗಡಿಗರೊಡನೆ ಇಂಟರ್‌ನೆಟ್ಟಿನ ಮೂಲಕ ಆಡುವಾಗ ಸುದ್ದಿಯು ಹೋಗಿಬರುವುದಕ್ಕೆ ೫೦ ಅಥವಾ ೬೦ ಮಿಲಿಸೆಕೆಂಡು ಹಿಡಿದರೆ, ಆ ತಡವನ್ನು ಯಾವ ಮಾನಿಟರೂ ನೀಗಿಸಲಾರದು.

೩. ಯಾವ ಆಟಕ್ಕೆ ಬೇಕು?

ಕ್ಷಣಾರ್ಧದಲ್ಲಿ ತಿರುಗಿ ಗುರಿಯಿಡಬೇಕಾದ ವ್ಯಾಲೊರೆಂಟ್, ಕೌಂಟರ್-ಸ್ಟ್ರೈಕ್ ೨ ಮುಂತಾದ ಆಟಗಳಿಗೂ, ಮೋಟಾರು ಓಟದ ಆಟಗಳಿಗೂ ಹೆಚ್ಚಿನ ವೇಗವು ನಿಜವಾಗಿ ಪ್ರಯೋಜನಕಾರಿ. ಕಥೆಯನ್ನು ಅನುಸರಿಸಿ ನಿಧಾನವಾಗಿ ಸಾಗುವ ಆಟಗಳಲ್ಲಿ ಅದು ಕಣ್ಣಿಗೆ ಹಿತವೇ ಹೊರತು ಅಗತ್ಯವಲ್ಲ. ಚದುರಂಗ, ಇಸ್ಪೀಟು, ಪದಬಂಧ ಮುಂತಾದವುಗಳಿಗೆ ಅದರಿಂದ ಏನೂ ಆಗದು.

ಇದಕ್ಕೆ ಒಂದು ನಿದರ್ಶನ. ೨೦೧೮ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಕಂಪ್ಯೂಟರ್ ಆಟಗಳನ್ನು ಪ್ರದರ್ಶನ ಸ್ಪರ್ಧೆಯಾಗಿ ನಡೆಸಿದಾಗ ಭಾರತದ ತೀರ್ಥ್ ಮೆಹ್ತಾ ಎಂಬವರು ಕಂಚಿನ ಸ್ಥಾನವನ್ನು ಪಡೆದರು. ಅವರು ಆಡಿದುದು ಹಾರ್ತ್‌ಸ್ಟೋನ್ ಎಂಬ ಎಲೆಗಳ ಆಟ. ಸರದಿಯ ಪ್ರಕಾರ ಯೋಚಿಸಿ ಎಲೆ ಇಳಿಸತಕ್ಕ ಆಟ. ಅಲ್ಲಿ ಗೆಲ್ಲಿಸಿದುದು ತೆರೆಯ ವೇಗವಲ್ಲ. ೨೦೨೩ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಕೂಟದಲ್ಲಿ ಈ ಆಟಗಳು ಪದಕದ ಸ್ಪರ್ಧೆಗಳೇ ಆದವು. ಆದುದರಿಂದ ಮಗಳು "ನನಗೆ ೨೪೦ ಬೇಕು" ಎಂದಾಗ ಮೊದಲು ಕೇಳತಕ್ಕ ಪ್ರಶ್ನೆ "ಎಷ್ಟು ಬೆಲೆ?" ಎಂಬುದಲ್ಲ, "ಯಾವ ಆಟವನ್ನು ಆಡುತ್ತೀಯೆ?" ಎಂಬುದು. ಅದನ್ನು ಒಂದು ಗಳಿಗೆ ಪಕ್ಕದಲ್ಲಿ ಕುಳಿತು ನೋಡಿದರೆ ಇನ್ನೂ ಒಳ್ಳೆಯದು.

೪. ಕಂಪ್ಯೂಟರಿನ ಬಲವನ್ನು ಅಳೆಯುವುದು

ಹೆಚ್ಚಿನ ಹಣವು ವ್ಯರ್ಥವಾಗುವುದು ಇಲ್ಲಿಯೇ. ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ೫೦ ಚಿತ್ರಗಳನ್ನು ಮಾತ್ರ ರಚಿಸಬಲ್ಲದಾದರೆ ೨೪೦ ಹರ್ಟ್ಸಿನ ಮಾನಿಟರು ಅದೇ ೫೦ ಚಿತ್ರಗಳನ್ನು ತಿರುತಿರುಗಿ ತೋರಿಸುವುದೇ ಹೊರತು ಹೊಸದನ್ನು ಹುಟ್ಟಿಸಲಾರದು. ಆದಕಾರಣ ಮಾನಿಟರನ್ನು ನೋಡುವುದಕ್ಕೆ ಮುಂಚೆ, ಮನೆಯಲ್ಲಿರುವ ಕಂಪ್ಯೂಟರಿನಲ್ಲಿ ಆ ಆಟವು ಎಷ್ಟು ಫ್ರೇಮುಗಳನ್ನು ಕೊಡುವುದೆಂದು ನೋಡತಕ್ಕದ್ದು. ಬಹುಪಾಲು ಆಟಗಳ ಸೆಟ್ಟಿಂಗಿನಲ್ಲಿಯೇ ಈ ಸಂಖ್ಯೆಯನ್ನು ತೆರೆಯ ಮೂಲೆಯಲ್ಲಿ ತೋರಿಸುವ ಅನುಕೂಲವಿದೆ. ೨೦೨೦ರಲ್ಲಿ ಹೊರಬಂದ ವ್ಯಾಲೊರೆಂಟ್ ಸಾಧಾರಣ ಕಂಪ್ಯೂಟರಿನಲ್ಲಿಯೂ ಚುರುಕಾಗಿ ಓಡುವಂತೆ ರಚಿತವಾಗಿದೆ. ಅದೇ ವರುಷದ ಸೈಬರ್‌ಪಂಕ್ ೨೦೭೭ ಎಂಬುದಾದರೋ ಬಲವಾದ ಕಾರ್ಡನ್ನೂ ದಣಿಸುವುದು.

ಚಿತ್ರದ ಸೂಕ್ಷ್ಮತೆಯೂ ಇದಕ್ಕೆ ಸೇರಿದ ಮಾತು. ೧೯೨೦×೧೦೮೦ ಎಂದರೆ ಸುಮಾರು ೨೦ ಲಕ್ಷದ ೭೪ ಸಾವಿರ ಪಿಕ್ಸೆಲುಗಳು. ೨೫೬೦×೧೪೪೦ ಎಂದರೆ ಸುಮಾರು ೩೬ ಲಕ್ಷದ ೮೬ ಸಾವಿರ. ೩೮೪೦×೨೧೬೦, ಅಂದರೆ ಜನರು ಫೋರ್-ಕೆ ಎನ್ನುವುದು, ಸುಮಾರು ೮೨ ಲಕ್ಷದ ೯೪ ಸಾವಿರ. ಮೂರನೆಯದು ಮೊದಲನೆಯದರ ಸರಿಯಾಗಿ ನಾಲ್ಕರಷ್ಟು. ಪಿಕ್ಸೆಲುಗಳು ಹೆಚ್ಚಿದಷ್ಟೂ ಕಾರ್ಡಿನ ದುಡಿಮೆಯು ಹೆಚ್ಚಿ ಫ್ರೇಮುಗಳು ಇಳಿಯುವುವು. ಸೂಕ್ಷ್ಮತೆ, ವೇಗ ಎರಡನ್ನೂ ತುಟ್ಟತುದಿಗೆ ಒಯ್ಯಬಲ್ಲ ಕಾರ್ಡು ಮಾನಿಟರಿಗಿಂತಲೂ ಎಷ್ಟೋ ದುಬಾರಿ.

ಗಾತ್ರವನ್ನೂ ಇದರೊಡನೆ ಹೊಂದಿಸಬೇಕು. ೨೪ ಅಂಗುಲದ ತೆರೆಗೆ ೧೯೨೦×೧೦೮೦ ಒಪ್ಪುವುದು. ಅಂಗುಲಕ್ಕೆ ಸುಮಾರು ೯೨ ಪಿಕ್ಸೆಲುಗಳು ಬೀಳುತ್ತವೆ. ಅದನ್ನೇ ೨೭ ಅಂಗುಲಕ್ಕೆ ಹಿಗ್ಗಿಸಿದರೆ ೮೨ಕ್ಕೆ ಇಳಿದು ಅಕ್ಷರಗಳ ಅಂಚು ಒರಟಾಗಿ ಕಾಣುವುದು. ಪಾಠವನ್ನೂ ಅದೇ ತೆರೆಯಲ್ಲಿ ಓದುವ ಹುಡುಗಿಗೆ ಇದು ಸಣ್ಣ ಮಾತಲ್ಲ. ೨೭ ಅಂಗುಲಕ್ಕೆ ೨೫೬೦×೧೪೪೦ ಇದ್ದರೆ ಅಂಗುಲಕ್ಕೆ ೧೦೯ ಪಿಕ್ಸೆಲಾಗಿ ಬರಹವು ತೀಡಿದಂತೆ ಕಾಣುವುದು.

ಕಂಪ್ಯೂಟರಿಗೆ ಬದಲಾಗಿ ಪ್ಲೇಸ್ಟೇಷನ್ ೫ ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎಂಬ ಆಟದ ಪೆಟ್ಟಿಗೆಯಿರುವ ಮನೆಗಳು ಇಷ್ಟನ್ನು ತಿಳಿದರೆ ಸಾಕು: ೨೦೨೦ರ ನವೆಂಬರಿನಲ್ಲಿ ಹೊರಬಂದ ಈ ಎರಡೂ ಸೆಕೆಂಡಿಗೆ ೧೨೦ ಚಿತ್ರಗಳಿಗಿಂತ ಹೆಚ್ಚು ಕಳುಹಿಸವು. ಅವುಗಳಿಗಾಗಿ ೨೪೦ರ ಮಾನಿಟರನ್ನು ಕೊಳ್ಳುವುದು ಹಣವನ್ನು ಹೊಳೆಗೆ ಹಾಕಿದಂತೆ.

೫. ಹರಿದ ಚಿತ್ರಕ್ಕೆ ಮದ್ದು

ಕಾರ್ಡು ಚಿತ್ರಗಳನ್ನು ಕೊಡುವ ವೇಗವು ಒಂದೇ ಸಮನಾಗಿ ಇರುವುದಿಲ್ಲ. ದೃಶ್ಯವು ಸರಳವಾಗಿದ್ದರೆ ೧೩೦, ಜನಜಂಗುಳಿಯಾದರೆ ೮೦, ಹೀಗೆ ಏರಿಳಿಯುತ್ತಿರುವುದು. ಮಾನಿಟರು ಒಂದು ಚಿತ್ರವನ್ನು ಅರ್ಧ ಬರೆದಿರುವಾಗಲೇ ಮುಂದಿನದು ಬಂದುಬಿಟ್ಟರೆ ಮೇಲರ್ಧ ಹಳೆಯದು, ಕೆಳಗರ್ಧ ಹೊಸದಾಗಿ, ಚಿತ್ರವು ನಡುವೆ ಹರಿದಂತೆ ಕಾಣುವುದು. ಇದನ್ನು ತಡೆಯಲು ವಿ-ಸಿಂಕ್ ಎಂಬ ಹಳೆಯ ಉಪಾಯವಿದೆ. ಅದು ಮಾನಿಟರು ಸಿದ್ಧವಾಗುವ ತನಕ ಕಾರ್ಡನ್ನು ಕಾಯಿಸುವುದರಿಂದ ವಿಳಂಬವನ್ನು ಹೆಚ್ಚಿಸುತ್ತದೆ.

ಇದಕ್ಕಿಂತ ಉತ್ತಮವಾದುದು ಮಾನಿಟರೇ ಕಾರ್ಡಿಗಾಗಿ ಕಾಯುವ ಏರ್ಪಾಡು. ಚಿತ್ರವು ಬಂದಾಗಲೇ ಮಾನಿಟರು ಅದನ್ನು ಬರೆಯುವುದು. ಎನ್ವಿಡಿಯಾ ಸಂಸ್ಥೆಯು ೨೦೧೩ರಲ್ಲಿ ಜಿ-ಸಿಂಕ್ ಎಂಬ ಹೆಸರಿನಿಂದ ಇದನ್ನು ಪ್ರಕಟಿಸಿತು. ೨೦೧೪ರಲ್ಲಿ ಅಡಾಪ್ಟಿವ್-ಸಿಂಕ್ ಎಂಬ ಸಾರ್ವತ್ರಿಕ ಕ್ರಮವು ಡಿಸ್‌ಪ್ಲೇಪೋರ್ಟ್ ನಿಯಮಗಳಲ್ಲಿ ಸೇರಿತು. ಎಎಂಡಿ ಸಂಸ್ಥೆಯ ಫ್ರೀಸಿಂಕ್ ಅದನ್ನೇ ಆಧರಿಸಿದುದು. ೨೦೧೯ರಿಂದ ಎನ್ವಿಡಿಯಾ ಕಾರ್ಡುಗಳೂ ಈ ಸಾರ್ವತ್ರಿಕ ಕ್ರಮದ ಮಾನಿಟರುಗಳೊಡನೆ ಕೂಡಿ ನಡೆಯುವಂತಾದುದರಿಂದ ಒಂದೇ ಸಂಸ್ಥೆಗೆ ಕಟ್ಟುಬೀಳುವ ಅವಶ್ಯವು ಬಹುಮಟ್ಟಿಗೆ ತೀರಿತು. ಸಾಮಾನ್ಯವಾದ ಕಂಪ್ಯೂಟರುಳ್ಳ ಮನೆಗೆ ಈ ಏರ್ಪಾಡು ಇರುವ ೧೪೪ ಹರ್ಟ್ಸಿನ ಮಾನಿಟರು, ಅದಿಲ್ಲದ ಅತಿ ವೇಗದ ಮಾನಿಟರಿಗಿಂತ ಮೇಲು.

೬. ತೆರೆಯ ಜಾತಿಗಳು

ತೆರೆಗಳಲ್ಲಿ ನಾಲ್ಕು ಜಾತಿ. ಟಿಎನ್ ಎಂಬುದು ಹಳೆಯದು, ಅಗ್ಗ, ಚುರುಕು. ಆದರೆ ಪಕ್ಕದಿಂದ ನೋಡಿದರೆ ಬಣ್ಣ ಕೆಡುವುದು. ಐಪಿಎಸ್ ಎಂಬುದರಲ್ಲಿ ಬಣ್ಣಗಳು ಚೆನ್ನ, ಯಾವ ಕಡೆಯಿಂದ ನೋಡಿದರೂ ಸಮ. ಕಪ್ಪು ಮಾತ್ರ ಕತ್ತಲೆಯ ಕೋಣೆಯಲ್ಲಿ ಬೂದು ಬಣ್ಣವಾಗಿ ತೋರುವುದು. ವಿಎ ಎಂಬುದರಲ್ಲಿ ಕಪ್ಪು ಗಾಢ. ಬಿಳುಪಿಗೂ ಕಪ್ಪಿಗೂ ಇರುವ ಅಂತರವು ಐಪಿಎಸ್‌ನಲ್ಲಿ ಸಾಮಾನ್ಯವಾಗಿ ಸಾವಿರಕ್ಕೆ ಒಂದಾದರೆ ಇದರಲ್ಲಿ ಮೂರು ಸಾವಿರಕ್ಕೆ ಒಂದು. ಆದರೆ ಕಪ್ಪು ದೃಶ್ಯಗಳು ಓಡುವಾಗ ಮಸಿ ಬಳಿದಂತೆ ಹಿಂದೆ ನೆರಳು ಎಳೆಯುವ ದೋಷವು ಅದರ ಅಗ್ಗದ ಮಾದರಿಗಳಲ್ಲಿ ಉಂಟು. ಓಎಲ್‌ಇಡಿ ಎಂಬುದರಲ್ಲಿ ಒಂದೊಂದು ಪಿಕ್ಸೆಲೂ ತಾನೇ ಬೆಳಗುವುದು, ತಾನೇ ಆರುವುದು; ಕಪ್ಪು ನಿಜವಾದ ಕಪ್ಪು, ಬದಲಾವಣೆಯು ಕ್ಷಣಮಾತ್ರ. ಆದರೆ ಬೆಲೆ ಹೆಚ್ಚು. ಕದಲದ ಚಿತ್ರವು ದೀರ್ಘಕಾಲ ಒಂದೇ ಕಡೆ ನಿಂತರೆ ಅದರ ಗುರುತು ತೆರೆಯಲ್ಲಿ ಶಾಶ್ವತವಾಗಿ ಉಳಿಯುವ ಭಯವೂ ಉಂಟು. ಹಗಲೆಲ್ಲ ಲೆಕ್ಕಪತ್ರದ ಕೆಲಸವನ್ನೂ ಸಂಜೆ ಆಟವನ್ನೂ ಒಂದೇ ತೆರೆಯಲ್ಲಿ ನಡೆಸುವ ಮನೆಗಳು ಇದನ್ನು ಯೋಚಿಸಬೇಕು.

ಪೆಟ್ಟಿಗೆಯ ಮೇಲೆ "೧ ಮಿಲಿಸೆಕೆಂಡು" ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವುದನ್ನು ಕಂಡು ಮರುಳಾಗಬಾರದು. ಪಿಕ್ಸೆಲು ಒಂದು ಛಾಯೆಯಿಂದ ಇನ್ನೊಂದಕ್ಕೆ ಮಾರ್ಪಡುವ ಕಾಲವನ್ನು ಸಂಸ್ಥೆಗಳು ತಮಗೆ ಅತ್ಯನುಕೂಲವಾದ ಸ್ಥಿತಿಯಲ್ಲಿ ಅಳೆದು ಹೇಳುವುದುಂಟು. ಕೆಲವೆಡೆ ಆ ಸಂಖ್ಯೆಯು ಹಿಂದಿನ ಬೆಳಕನ್ನು ಮಿಟುಕಿಸಿ ಪಡೆದುದಾಗಿರುತ್ತದೆ. ಆಗ ತೆರೆಯು ಮಂಕಾಗುವುದು. ಪಿಕ್ಸೆಲನ್ನು ಬಲವಂತವಾಗಿ ಓಡಿಸಿದರೆ ವಸ್ತುವಿನ ಹಿಂದೆ ಬಿಳಿಯ ಅಂಚು ಹುಟ್ಟುವುದು. ಬೇಕಾದುದು ಇಷ್ಟೆ: ೨೪೦ ಹರ್ಟ್ಸಿನಲ್ಲಿ ಚಿತ್ರಕ್ಕೆ ದೊರೆಯುವುದು ೪.೨ ಮಿಲಿಸೆಕೆಂಡು, ಪಿಕ್ಸೆಲು ಮಾರ್ಪಡಲು ೮ ಬೇಕಾದರೆ ಹೊಸ ಚಿತ್ರವು ಮೂಡುವ ಮುಂಚೆಯೇ ಅದರ ಮುಂದಿನದು ಬಂದು ನಿಲ್ಲುವುದು. ಅಂತಹ ತೆರೆಯ ವೇಗವು ಹೆಸರಿಗೆ ಮಾತ್ರ. ಸ್ವತಂತ್ರವಾಗಿ ಉಪಕರಣಗಳಿಂದ ಅಳೆದು ಪ್ರಕಟಿಸುವ ವಿಮರ್ಶೆಗಳನ್ನು ಎರಡು ಮೂರು ಕಡೆ ಓದಿ ಕೊಳ್ಳುವುದು ಕ್ಷೇಮ.

೭. ಕೇಬಲ್ ಮತ್ತು ಸೆಟ್ಟಿಂಗ್

ಕೊಂಡ ಮೇಲೆ ಕೆಡುವ ಬಗೆಯೂ ಉಂಟು. ೨೫೬೦×೧೪೪೦ರ ಚಿತ್ರವನ್ನು ಸೆಕೆಂಡಿಗೆ ೧೪೪ ಸಲ ಕಳುಹಿಸಬೇಕಾದರೆ ಸೆಕೆಂಡಿಗೆ ಸುಮಾರು ೧೨.೭ ಗಿಗಾಬಿಟ್ಟಿನಷ್ಟು ಮಾಹಿತಿಯು ಕೇಬಲಿನಲ್ಲಿ ಹರಿಯಬೇಕು. ಹಳೆಯ ಎಚ್‌ಡಿಎಂಐ ೧.೪ರ ಜೋಡಣೆಗೆ ಇಷ್ಟು ಶಕ್ತಿಯಿಲ್ಲ, ಡಿಸ್‌ಪ್ಲೇಪೋರ್ಟ್ ೧.೨ಕ್ಕೆ ಉಂಟು. ಫೋರ್-ಕೆ ಚಿತ್ರವನ್ನು ೧೨೦ ಹರ್ಟ್ಸಿನಲ್ಲಿ ಆಟದ ಪೆಟ್ಟಿಗೆಯಿಂದ ಪಡೆಯಲು ಎಚ್‌ಡಿಎಂಐ ೨.೧ ಬೇಕು. ಕಂಪ್ಯೂಟರು, ಕೇಬಲು, ಮಾನಿಟರು ಈ ಮೂರರಲ್ಲಿ ಅತಿ ದುರ್ಬಲವಾದುದೇ ಎಲ್ಲೆಯನ್ನು ಗೊತ್ತುಮಾಡುವುದು.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇರುವ ಕಂಪ್ಯೂಟರಿನಲ್ಲಿ ಕೇಬಲನ್ನು ಆ ಕಾರ್ಡಿನ ಕಿಂಡಿಗೇ ಸಿಕ್ಕಿಸತಕ್ಕದ್ದು. ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದರೆ ಕಾರ್ಡಿನ ಪೂರ್ಣ ಫಲವು ದೊರೆಯದು. ಇನ್ನೊಂದು ಸಂಗತಿ ಅತಿ ಮುಖ್ಯ. ಹೊಸ ಮಾನಿಟರನ್ನು ಜೋಡಿಸಿದ ಮೇಲೂ ವಿಂಡೋಸ್ ೬೦ ಹರ್ಟ್ಸಿನಲ್ಲಿಯೇ ನಡೆಯುತ್ತಿರುವುದುಂಟು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬ ಕ್ರಮದಲ್ಲಿ ಒಳಹೊಕ್ಕು ರಿಫ್ರೆಶ್ ರೇಟನ್ನು ನಾವೇ ಬದಲಾಯಿಸಬೇಕು. ಇದನ್ನು ಅರಿಯದೆ ೧೪೪ಕ್ಕೆ ಹಣ ತೆತ್ತು ೬೦ನ್ನೇ ನೋಡುತ್ತಿರುವವರು ಇದ್ದಾರೆ.

೮. ಅಂಗಡಿಯಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮ ಊರಿನ ಅಂಗಡಿಯಲ್ಲಾಗಲಿ, ಮನೆಯಲ್ಲಿ ಕುಳಿತೇ ತರಿಸುವುದಾಗಲಿ, ಕೆಳಗಿನವುಗಳನ್ನು ಕಾಗದದ ಮೇಲೆ ಬರೆದುಕೊಂಡು ಕೇಳಿರಿ. ತೆರೆಯ ಜಾತಿ ಯಾವುದು? ಅಡಾಪ್ಟಿವ್-ಸಿಂಕ್ ಉಂಟೋ, ಎಷ್ಟರಿಂದ ಎಷ್ಟು ಹರ್ಟ್ಸಿನ ವರೆಗೆ? ಹೇಳಿದ ವೇಗವು ಯಾವ ಕಿಂಡಿಯಲ್ಲಿ ಸಿಕ್ಕುವುದು? ಆ ಕೇಬಲು ಪೆಟ್ಟಿಗೆಯಲ್ಲಿಯೇ ಇದೆಯೋ? ಎಷ್ಟು ಪಿಕ್ಸೆಲುಗಳು ಸತ್ತಿದ್ದರೆ ಬದಲಾಯಿಸಿಕೊಡುವರು? ವಾರಂಟಿ ಎಷ್ಟು ವರುಷ, ಮನೆಗೆ ಬಂದು ನೋಡುವರೋ? ನಿಲುವನ್ನು ಎತ್ತರಿಸಿ ತಗ್ಗಿಸಬಹುದೋ? ಬೆಳೆಯುವ ಹುಡುಗಿಯ ಕತ್ತಿಗೆ ಈ ಕೊನೆಯ ಪ್ರಶ್ನೆಯು ನೂರು ಹರ್ಟ್ಸಿಗಿಂತ ಮುಖ್ಯವಾದುದು. ರಶೀದಿಯನ್ನು ತಪ್ಪದೆ ಪಡೆದು ಇಟ್ಟುಕೊಳ್ಳಿರಿ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರು ಕೊಡಬೇಕಾಗಿ ಬಂದರೆ ಅದೇ ಆಧಾರ.

ಬೆಲೆಗಳು ಬದಲಾಗುತ್ತಿರುವುದರಿಂದ ಅವುಗಳನ್ನು ಇಲ್ಲಿ ಹೇಳುವುದಿಲ್ಲ. ಮನೆಮನೆಯ ಸ್ಥಿತಿಗೆ ತಕ್ಕ ತೀರ್ಮಾನಗಳನ್ನು ಮಾತ್ರ ಹೇಳುತ್ತೇವೆ. ಪ್ರತ್ಯೇಕ ಕಾರ್ಡಿಲ್ಲದ ಕಂಪ್ಯೂಟರಿನಲ್ಲಿ ಪಾಠವೂ ಚದುರಂಗವೂ ನಡೆಯುವುದಾದರೆ ಇರುವ ಮಾನಿಟರೇ ಸಾಕು. ಮಧ್ಯಮ ಕಾರ್ಡು ಇದ್ದು ವ್ಯಾಲೊರೆಂಟ್ ಮೊದಲಾದವುಗಳನ್ನು ಆಡುವುದಾದರೆ ೨೪ ಅಂಗುಲ, ೧೯೨೦×೧೦೮೦, ಐಪಿಎಸ್, ೧೪೪ರಿಂದ ೧೮೦ ಹರ್ಟ್ಸ್, ಅಡಾಪ್ಟಿವ್-ಸಿಂಕ್ ಇರುವುದು. ಕಾರ್ಡು ಬಲವಾಗಿದ್ದರೆ ೨೭ ಅಂಗುಲ, ೨೫೬೦×೧೪೪೦. ಆಟದ ಪೆಟ್ಟಿಗೆಗೆ ೧೨೦ ಹರ್ಟ್ಸ್ ಸಾಕು. ಸ್ಪರ್ಧೆಗಳಲ್ಲಿ ಹೆಸರು ಕೊಟ್ಟು ಆಡುವವಳಿಗೆ ಮಾತ್ರ ೨೪೦ ಮತ್ತು ಅದರ ಮೇಲಿನದು.

೯. ಕಣ್ಣು, ಹೊತ್ತು, ಮನೆ

ವೇಗದ ತೆರೆಯು ಕಣ್ಣಿಗೆ ಹಿತವೆಂಬುದು ನಿಜವಾದರೂ ಅದು ಕಣ್ಣಿನ ಔಷಧವಲ್ಲ. ಚೀನಾದ ಗುವಾಂಗ್‌ಝೌ ನಗರದಲ್ಲಿ ಮೊದಲನೆಯ ತರಗತಿಯ ಮಕ್ಕಳಿಗೆ ದಿನಕ್ಕೆ ೪೦ ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಇರುವಂತೆ ಮಾಡಿ ಮೂರು ವರುಷ ಪರೀಕ್ಷಿಸಿದರು. ೨೦೧೫ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಮೀಪದೃಷ್ಟಿಯ ದೋಷವು ಆ ಮಕ್ಕಳಲ್ಲಿ ನೂರಕ್ಕೆ ೩೦.೪ರಷ್ಟೂ, ಉಳಿದವರಲ್ಲಿ ೩೯.೫ರಷ್ಟೂ ಹೊಸದಾಗಿ ಕಂಡಿತು. ಮಾನಿಟರಿನ ಹಣದೊಡನೆ ಬಯಲಿನ ಹೊತ್ತನ್ನೂ ಗೊತ್ತುಮಾಡುವುದು ತಂದೆತಾಯಿಗಳ ಕರ್ತವ್ಯ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸವೂ ಒಳ್ಳೆಯದು.

ಇನ್ನೊಂದು ಮಾತನ್ನು ಮರೆಮಾಜದೆ ಹೇಳಬೇಕಾಗಿದೆ. ಗಂಡುಮಗನು ಕೇಳಿದರೆ ಬೆಲೆಯನ್ನು ವಿಚಾರಿಸುವ ಮನೆಯಲ್ಲಿಯೇ ಹೆಣ್ಣುಮಗಳು ಕೇಳಿದರೆ "ನಿನಗೇತಕ್ಕೆ?" ಎಂಬ ಉತ್ತರವು ಬರುವುದುಂಟು. ಅಂಗಡಿಯಲ್ಲಿಯೂ ಕೊಳ್ಳುವವಳನ್ನು ಬಿಟ್ಟು ಅವಳ ಜೊತೆಗೆ ಬಂದ ತಮ್ಮನೊಡನೆ ಮಾತನಾಡುವವರಿದ್ದಾರೆ. ಬೇಡವೆನ್ನಲು ಕಾರಣವಿದ್ದರೆ ಬೇಡವೆನ್ನಿರಿ. ಆದರೆ ಆ ಕಾರಣವು ಹಣವಾಗಿರಲಿ, ಹೊತ್ತಾಗಿರಲಿ, ಕಂಪ್ಯೂಟರಿನ ಬಲವಾಗಿರಲಿ, ಹುಡುಗಿಯೆಂಬುದಾಗದಿರಲಿ. ಅಳತೆಗೋಲು ಇಬ್ಬರಿಗೂ ಒಂದೇ ಇರಬೇಕು. ಮಗಳನ್ನೇ ಕೂಡ್ರಿಸಿ, ಅವಳ ಆಟ, ಕಾರ್ಡಿನ ಫ್ರೇಮುಗಳು, ಕಿಂಡಿಗಳು, ಬೆಲೆ ಇವುಗಳ ಪಟ್ಟಿಯನ್ನು ಅವಳ ಕೈಯಿಂದಲೇ ಬರೆಯಿಸಿರಿ. ಪಟ್ಟಿಯನ್ನು ಬರೆದ ಮೇಲೆ ೨೪೦ನ್ನು ಕೇಳಿದವಳು ತಾನಾಗಿ ೧೪೪ಕ್ಕೆ ಇಳಿಯಬಹುದು, ಅಥವಾ ಈ ವರುಷ ಬೇಡವೆನ್ನಬಹುದು. ತನಗೆ ಬೇಕೆಂಬುದನ್ನು ಕಾರಣಸಹಿತವಾಗಿ ನಿಮಗೆ ಒಪ್ಪಿಸಲೂಬಹುದು. ಮೂರರಲ್ಲಿ ಯಾವುದಾದರೂ ಅವಳು ಕಲಿತ ಗಣಿತವೂ ವಿಜ್ಞಾನವೂ ಮನೆಯ ಉಪಯೋಗಕ್ಕೆ ಬಂದಂತಾಯಿತು.

ಅಭ್ಯಾಸ

೧. ೧೬೫ ಹರ್ಟ್ಸಿನ ತೆರೆಯಲ್ಲಿ ಒಂದು ಚಿತ್ರವು ಎಷ್ಟು ಮಿಲಿಸೆಕೆಂಡು ನಿಲ್ಲುವುದು? ೬೦ ಹರ್ಟ್ಸಿಗಿಂತ ಎಷ್ಟು ಉಳಿಯಿತು?

೨. ಒಂದು ಮನೆಯ ಕಂಪ್ಯೂಟರು ಮಗಳ ಮೆಚ್ಚಿನ ಆಟದಲ್ಲಿ ೭೦ ಫ್ರೇಮುಗಳನ್ನು ಕೊಡುತ್ತದೆ. ಅಂಗಡಿಯವರು ೨೪೦ ಹರ್ಟ್ಸಿನ ಮಾನಿಟರನ್ನು ಹೇಳುತ್ತಾರೆ. ನೀವು ಏನು ಉತ್ತರ ಕೊಡುವಿರಿ? ಹಣವನ್ನು ಯಾವುದಕ್ಕೆ ತೊಡಗಿಸುವಿರಿ?

೩. ರಿಫ್ರೆಶ್ ರೇಟಿಗೂ ಫ್ರೇಮ್ ರೇಟಿಗೂ ಇರುವ ಭೇದವನ್ನು ಸಿನೆಮಾದ ಉದಾಹರಣೆಯಿಂದ ಮನೆಯ ಹಿರಿಯರಿಗೆ ತಿಳಿಸಿರಿ.

೪. ನಿಮ್ಮ ಮನೆಯ ಮಾನಿಟರು ಈಗ ಎಷ್ಟು ಹರ್ಟ್ಸಿನಲ್ಲಿ ನಡೆಯುತ್ತಿದೆ? ಅದು ಎಷ್ಟರ ವರೆಗೆ ನಡೆಯಬಲ್ಲದು? ಈ ದಿನವೇ ಸೆಟ್ಟಿಂಗಿನಲ್ಲಿ ನೋಡಿರಿ. ಕಾಸಿಲ್ಲದೆ ಸಿಕ್ಕುವ ಲಾಭವು ಅಲ್ಲಿ ಅಡಗಿರಬಹುದು.